ಇಸ್ರೇಲ್–ಪ್ಯಾಲೆಸ್ಟೀನ್ ಸುದ್ದಿಯಲ್ಲಿ ಯಾರು ಯಾರ ಪರವಾಗಿ ಮಾತಾಡ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಹಲವು ವರ್ಷ ವಿದೇಶ ಪುಟ ಮಾಡಿದ್ದೇನೆ. ಏಜೆನ್ಸಿ ಕಾಪಿಯನ್ನು ಕನ್ನಡಕ್ಕೆ ತರುವುದು, ತಲೆಬರಹ ಕೊಡುವುದು, ರಾತ್ರಿ ಪುಟ ಬಿಡುವುದು ನನ್ನ ಕೆಲಸ. 2023ರ ಅಕ್ಟೋಬರ್‌ನಲ್ಲಿ ಹಮಾಸ್ ದಾಳಿ, ಗಾಜಾ ಯುದ್ಧ ಶುರುವಾದ ಮೇಲೆ ನೆಂಟರು, ಗೆಳೆಯರು, ಓದುಗರು ಎಲ್ಲರೂ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಪ್ಯಾಲೆಸ್ಟೀನಿಗೆ ನಾಯಕ ಯಾರು? ಅಬ್ಬಾಸಾ, ಹಮಾಸಾ?

ಜಾಗ ಎರಡು, ಆಡಳಿತವೂ ಎರಡು. ಪಶ್ಚಿಮ ದಂಡೆಯ ಪಟ್ಟಣಗಳಲ್ಲಿ ಪ್ಯಾಲೆಸ್ಟೀನ್ ಪ್ರಾಧಿಕಾರ ಇದೆ. ಅದರ ಅಧ್ಯಕ್ಷ ಮಹಮೂದ್ ಅಬ್ಬಾಸ್, ಫತಾ ಪಕ್ಷದವರು, ರಾಮಲ್ಲಾದಲ್ಲಿ ಇರುತ್ತಾರೆ. ಗಾಜಾವನ್ನು ಹಮಾಸ್ 2007ರ ಜೂನ್‌ನಲ್ಲಿ ಫತಾದವರನ್ನು ಹೊಡೆದೋಡಿಸಿ ಕೈಗೆ ತೆಗೆದುಕೊಂಡಿತು. ಇವೆರಡರ ಮೇಲೆ 1964ರಲ್ಲಿ ಹುಟ್ಟಿದ ಪಿಎಲ್‌ಒ (ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ) ಇದೆ. ಜಗತ್ತು ಪ್ಯಾಲೆಸ್ಟೀನ್ ಜನರ ಪ್ರತಿನಿಧಿ ಎಂದು ಒಪ್ಪಿರುವುದು ಅದನ್ನೇ, ಆದರೆ ಹಮಾಸ್ ಅದರಲ್ಲಿ ಇಲ್ಲ.

'ಅಧ್ಯಕ್ಷ' ಎಂಬ ಮಾತು ಕೇಳಿದರೆ ನಮಗೆ ಒಂದು ದೇಶ, ಸೈನ್ಯ, ಗಡಿ ಎಲ್ಲ ಕಣ್ಣ ಮುಂದೆ ಬರುತ್ತದೆ. ಅಬ್ಬಾಸ್‌ಗೆ ಅವು ಯಾವುವೂ ಇಲ್ಲ. ಇಸ್ರೇಲ್ ಮತ್ತು ಪಿಎಲ್‌ಒ ಮಾಡಿಕೊಂಡ 1993ರ ಓಸ್ಲೋ ಒಪ್ಪಂದ, ಆಮೇಲೆ 1995ರಲ್ಲಿ ಆದ ಎರಡನೇ ಒಪ್ಪಂದ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂದು ಮೂರು ಪಾಲು ಮಾಡಿದವು. ಸಿ ಅಂದರೆ ಪೂರ್ತಿ ಇಸ್ರೇಲ್ ಹಿಡಿತ, ಅದೇ ಸುಮಾರು ಶೇ 60ರಷ್ಟು ನೆಲ. ಅಬ್ಬಾಸ್ ವಿದೇಶಕ್ಕೆ ಹೊರಡಬೇಕಾದರೂ ಇಸ್ರೇಲ್ ಜತೆ ಮೊದಲೇ ಹೊಂದಿಸಿಕೊಳ್ಳಬೇಕು.

ಗಾಜಾ ಜನರೇ ಹಮಾಸ್‌ಗೆ ಓಟು ಹಾಕಿದ್ದಲ್ವಾ?

ಈ ಪ್ರಶ್ನೆ ಬಂದಾಗೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಇದರ ಹಿಂದೆ ಬಹಳ ಸಲ 'ಹಾಗಿದ್ರೆ ಅನುಭವಿಸಲಿ' ಅನ್ನುವ ಇನ್ನೊಂದು ಮಾತು ಇರುತ್ತದೆ.

ಚುನಾವಣೆ ನಡೆದದ್ದು 2006ರ ಜನವರಿ 25ರಂದು. ಗಾಜಾದಲ್ಲಿ ಮಾತ್ರ ಅಲ್ಲ, ಪಶ್ಚಿಮ ದಂಡೆ, ಪೂರ್ವ ಜೆರುಸಲೇಂ ಸೇರಿ. 132 ಸ್ಥಾನಗಳಲ್ಲಿ ಹಮಾಸ್‌ಗೆ 74, ಫತಾಗೆ 45. ನೋಡಿದರೆ ಭಾರೀ ಅಂತರ. ಆದರೆ ಪಕ್ಷದ ಪಟ್ಟಿಗೆ ಬಿದ್ದ ಮತ ನೋಡಿ: ಹಮಾಸ್‌ಗೆ ಶೇ 44, ಫತಾಗೆ ಶೇ 41. ಅರ್ಧ ಸ್ಥಾನಗಳು ಜಿಲ್ಲಾವಾರು ಇದ್ದವು. ಅಲ್ಲಿ ಫತಾದಿಂದ ಬಂಡಾಯ ಅಭ್ಯರ್ಥಿಗಳು ನಿಂತು ಮತ ಒಡೆದರು, ಹಮಾಸ್ ಒಗ್ಗಟ್ಟಾಗಿ ನಿಂತಿತು. ಬಂಡಾಯ ಅಭ್ಯರ್ಥಿ ಏನು ಮಾಡಬಲ್ಲ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಫತಾದ ಭ್ರಷ್ಟಾಚಾರದ ಮೇಲೆ ಜನರಿಗೆ ಇದ್ದ ಸಿಟ್ಟು ಕೂಡ ಕೆಲಸ ಮಾಡಿತು.

ಅದಾದ ಮೇಲೆ ಒಂದೂ ಸಾರ್ವತ್ರಿಕ ಚುನಾವಣೆ ಆಗಿಲ್ಲ. ಗಾಜಾದಲ್ಲಿ ಅರ್ಧದಷ್ಟು ಜನ 18 ವರ್ಷದ ಒಳಗಿನವರು. ಆ ಓಟಿನ ದಿನ ಅವರು ಹುಟ್ಟಿಯೇ ಇರಲಿಲ್ಲ. ಹೋದ ತಲೆಮಾರಿನ ಒಂದು ಮತವನ್ನು ಇವತ್ತಿನ ಮಗುವಿನ ಲೆಕ್ಕಕ್ಕೆ ಬರೆಯುವುದು ತಪ್ಪು. ಹಮಾಸ್ ಆಡಳಿತ ಸಹಿಸಿದವರು ಸುಮ್ನೆ ಇದ್ದರು ಅನ್ನುವುದೂ ಸರಿಯಲ್ಲ. 2019ರ ಮಾರ್ಚ್‌ನಲ್ಲಿ 'ನಮಗೆ ಬದುಕಬೇಕು' ಎಂದು ಗಾಜಾದ ಯುವಕರು ಬೀದಿಗೆ ಬಂದಾಗ ಹಮಾಸ್ ಪೊಲೀಸರು ಅವರನ್ನು ಹೊಡೆದರು, ವರದಿ ಮಾಡಲು ಹೋದ ಪತ್ರಕರ್ತರನ್ನೂ ಹಿಡಿದು ಒಳಗೆ ಹಾಕಿದರು.

ಮತ್ತೆ ಯಾಕೆ ಚುನಾವಣೆ ಮಾಡಲಿಲ್ಲ?

ಅಬ್ಬಾಸ್ ಆಯ್ಕೆಯಾದದ್ದು 2005ರ ಜನವರಿಯಲ್ಲಿ, ನಾಲ್ಕು ವರ್ಷಕ್ಕೆ. ಇನ್ನೂ ಅವರೇ ಇದ್ದಾರೆ. 2021ರ ಮೇ 22ಕ್ಕೆ ಸಂಸತ್ ಚುನಾವಣೆ ಅಂತ ದಿನ ಗೊತ್ತಾಗಿತ್ತು, ಅಭ್ಯರ್ಥಿಗಳ ಪಟ್ಟಿಗಳೂ ಸಿದ್ಧವಾಗಿದ್ದವು. ಏಪ್ರಿಲ್ ಕೊನೆಯಲ್ಲಿ ಅಬ್ಬಾಸ್ ಮುಂದೂಡಿದರು. ಪೂರ್ವ ಜೆರುಸಲೇಂನಲ್ಲಿ ಮತದಾನಕ್ಕೆ ಇಸ್ರೇಲ್ ಒಪ್ಪಿಗೆ ಸಿಕ್ಕಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅದರಲ್ಲಿ ನಿಜ ಇದೆ. ಆದರೆ ಫತಾ ಮೂರು ಹೋಳಾಗಿ, ಸೋಲುವ ಭಯ ಇತ್ತು ಎಂಬುದೂ ಅಷ್ಟೇ ನಿಜ. ಒಂದು ಪಟ್ಟಿಯ ಹಿಂದೆ ಫತಾದ ನಾಯಕ ಮರ್ವಾನ್ ಬರ್ಘೂತಿ ಇದ್ದರು. ಅವರು 2002ರಿಂದ ಇಸ್ರೇಲ್ ಜೈಲಿನಲ್ಲಿದ್ದಾರೆ, ಕೊಲೆ ಪ್ರಕರಣಗಳಲ್ಲಿ ಐದು ಜೀವಾವಧಿ ಶಿಕ್ಷೆ. ಆದರೂ ರಾಮಲ್ಲಾದ ಸಮೀಕ್ಷೆಗಳಲ್ಲಿ ಅಬ್ಬಾಸ್‌ಗಿಂತ ಎಷ್ಟೋ ಮುಂದೆ.

ಟೀಕೆ ಮಾಡಿದವರ ಗತಿ? 2021ರ ಜೂನ್‌ನಲ್ಲಿ ನಿಜಾರ್ ಬನಾತ್ ಎಂಬ ಕಟು ಟೀಕಾಕಾರ ಪ್ರಾಧಿಕಾರದ ಭದ್ರತಾ ಸಿಬ್ಬಂದಿಯ ವಶದಲ್ಲೇ ಸತ್ತರು. ನಮ್ಮ ಪುಟದಲ್ಲಿ ಅವತ್ತು ಅದು ನಾಲ್ಕು ಸಾಲಿನ ಸುದ್ದಿಯಾಗಿತ್ತು. ಈಗ ನೆನೆದರೆ ಬೇಜಾರಾಗುತ್ತದೆ.

ಇಸ್ರೇಲ್‌ನಲ್ಲಿ ಚುನಾವಣೆ ನಡೆಯುತ್ತಲೇ ಇರುತ್ತದೆ. ನೆತನ್ಯಾಹು ಹೇಗೆ ಇಷ್ಟು ವರ್ಷ ಉಳಿದರು?

ಅಲ್ಲಿನ ಸಂಸತ್ತು ಕ್ನೆಸೆಟ್, 120 ಸ್ಥಾನ. ಸರ್ಕಾರ ಮಾಡಲು 61 ಬೇಕು. ದೇಶ ಹುಟ್ಟಿದಾಗಿನಿಂದ ಯಾವ ಪಕ್ಷಕ್ಕೂ ಒಂಟಿಯಾಗಿ ಅಷ್ಟು ಸಿಕ್ಕಿಲ್ಲ. ಇಡೀ ದೇಶವೇ ಒಂದು ಕ್ಷೇತ್ರ, ಶೇ 3.25 ಮತ ದಾಟಿದರೆ ಸಾಕು, ಒಳಗೆ ಬರಬಹುದು. ಹಾಗಾಗಿ ಸಣ್ಣ ಪಕ್ಷಗಳ ಕೈಯಲ್ಲಿ ಕೀಲಿಕೈ. 2019ರ ಏಪ್ರಿಲ್‌ನಿಂದ 2022ರ ನವೆಂಬರ್ ಒಳಗೆ ಐದು ಚುನಾವಣೆ ಆದವು. ಐದನೆಯದರಲ್ಲಿ ನೆತನ್ಯಾಹು ಕೂಟಕ್ಕೆ 64 ಬಂತು. ಅದರಲ್ಲಿ ಅವರ ಲಿಕುಡ್ ಪಕ್ಷದ್ದು 32 ಮಾತ್ರ. ಉಳಿದ ಅರ್ಧ ಧಾರ್ಮಿಕ ಪಕ್ಷಗಳದ್ದು, ಮತ್ತು ಬೆನ್ ಗ್ವಿರ್, ಸ್ಮೊಟ್ರಿಚ್ ಅವರಂಥ ಕಡು ಬಲಪಂಥದವರದ್ದು. ಗಾಜಾ ಕದನವಿರಾಮದ ಮಾತು ಬಂದಾಗೆಲ್ಲ 'ಸರ್ಕಾರ ಬೀಳುತ್ತಾ' ಎಂಬ ಪ್ರಶ್ನೆ ಯಾಕೆ ಜತೆಗೇ ಬರುತ್ತಿತ್ತು ಅನ್ನುವುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಇನ್ನೊಂದು ಮಾತು. ಪ್ಯಾಲೆಸ್ಟೀನ್ ನಾಯಕತ್ವ ಎರಡು ಹೋಳಾಗಿ ಇದ್ದದ್ದು ಇಸ್ರೇಲ್‌ನ ಈ ಸರ್ಕಾರಗಳಿಗೆ ಅನುಕೂಲವೇ ಆಗಿತ್ತು. 'ಮಾತಾಡೋಕೆ ಆ ಕಡೆ ಯಾರಿದ್ದಾರೆ' ಎಂದು ಕೇಳಬಹುದಿತ್ತು. 2018ರಿಂದ ಕತಾರ್‌ನ ನಗದು ಹಮಾಸ್ ಆಳುತ್ತಿದ್ದ ಗಾಜಾಕ್ಕೆ ಹೋದದ್ದು ಇಸ್ರೇಲ್ ಒಪ್ಪಿಗೆಯಿಂದಲೇ, ಸೂಟ್‌ಕೇಸುಗಳಲ್ಲಿ. ಇದನ್ನು ಇಸ್ರೇಲ್‌ನ ಪತ್ರಕರ್ತರೇ ಎಷ್ಟೋ ಸಲ ಬರೆದಿದ್ದಾರೆ.

ನೆತನ್ಯಾಹು ಮೇಲಿನ ಕೇಸಿಗೂ ಸುದ್ದಿಗೂ ಏನು ಸಂಬಂಧ?

ನೇರ ಸಂಬಂಧ ಇದೆ. ಕನ್ನಡದಲ್ಲಿ ಇದನ್ನು 'ಭ್ರಷ್ಟಾಚಾರ ಪ್ರಕರಣ' ಎಂದಷ್ಟೇ ಬರೆದು ಬಿಡುತ್ತೇವೆ. ಒಳಗೆ ನೋಡಿದರೆ ಮೂರರಲ್ಲಿ ಎರಡು ಕೇಸು ಸುದ್ದಿ ಮನೆಗಳದ್ದೇ.

ಕೇಸ್ 1000 ಸಿಗಾರ್, ಶಾಂಪೇನ್ ಉಡುಗೊರೆಗಳದ್ದು. ಕೇಸ್ 2000ರ ಆರೋಪ ಹೀಗಿದೆ: 'ಯೆದಿಯೋತ್ ಅಹರೊನೋತ್' ಪತ್ರಿಕೆಯ ಮಾಲೀಕರ ಜತೆ ನೆತನ್ಯಾಹು ಮಾತುಕತೆ ನಡೆಸಿದರು. ಪತ್ರಿಕೆ ಅವರ ಬಗ್ಗೆ ಒಳ್ಳೆಯದು ಬರೆಯಬೇಕು, ಬದಲಿಗೆ ಅದರ ಎದುರಾಳಿ 'ಇಸ್ರೇಲ್ ಹಯೋಮ್' ಪತ್ರಿಕೆಯ ಪ್ರಸಾರಕ್ಕೆ ಕಾನೂನಿನಿಂದ ಕಡಿವಾಣ. ಇಸ್ರೇಲ್ ಹಯೋಮ್ 2007ರಲ್ಲಿ ಶುರುವಾದದ್ದು, ಬಿಟ್ಟಿಯಾಗಿ ಹಂಚುವ ಪತ್ರಿಕೆ, ನೆತನ್ಯಾಹು ಪರ ಎಂದೇ ಹೆಸರು. ಕೇಸ್ 4000 ಇನ್ನೂ ದೊಡ್ಡದು. ಬೆಜೆಕ್ ಎಂಬ ಟೆಲಿಕಾಂ ಕಂಪನಿಗೆ ಸರ್ಕಾರದಿಂದ ಅನುಕೂಲ, ಅದಕ್ಕೆ ಬದಲಾಗಿ ಆ ಮಾಲೀಕರದ್ದೇ 'ವಾಲ್ಲಾ' ಸುದ್ದಿತಾಣದಲ್ಲಿ ಬೇಕಾದ ಹಾಗೆ ಸುದ್ದಿ. ವಿಚಾರಣೆ 2020ರ ಮೇನಲ್ಲಿ ಶುರುವಾಯಿತು, ನೆತನ್ಯಾಹು ಸಾಕ್ಷಿಕಟ್ಟೆ ಹತ್ತಿದ್ದು 2024ರ ಡಿಸೆಂಬರ್‌ನಲ್ಲಿ. ಎಲ್ಲ ಆರೋಪಗಳನ್ನೂ ಅವರು ಅಲ್ಲಗಳೆದಿದ್ದಾರೆ.

ತಲೆಬರಹ ಹೇಗಿರಬೇಕು ಎಂಬುದಕ್ಕೆ ಪ್ರಧಾನಿಯೊಬ್ಬರು ಕೋರ್ಟಿನಲ್ಲಿ ನಿಲ್ಲಬೇಕಾಯಿತು ಅಂದರೆ, ತಲೆಬರಹಕ್ಕೆ ಅಲ್ಲಿ ಎಷ್ಟು ಬೆಲೆ ಇದೆ ನೋಡಿ.

ಗಾಜಾ ಒಳಗಿಂದ ವರದಿ ಮಾಡುವವರು ಯಾರು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಇಸ್ರೇಲ್‌ನಲ್ಲಿ ಸುಮಾರು 1,200 ಜನ ಸತ್ತರು, 251 ಮಂದಿಯನ್ನು ಒತ್ತೆಯಾಳಾಗಿ ಎಳೆದೊಯ್ದರು. ಆ ಹಳ್ಳಿಗಳಿಗೆ ಜಗತ್ತಿನ ಪತ್ರಕರ್ತರು ಹೋದರು, ಸುಟ್ಟ ಮನೆಗಳನ್ನು ಕಂಡರು, ಬದುಕುಳಿದವರನ್ನು ಮಾತಾಡಿಸಿದರು. ಹಾಗೇ ಆಗಬೇಕು. ಗಾಜಾ ಯುದ್ಧದಲ್ಲಿ ಅದು ಆಗಲಿಲ್ಲ. ವಿದೇಶಿ ವರದಿಗಾರರನ್ನು ಇಸ್ರೇಲ್ ಸ್ವತಂತ್ರವಾಗಿ ಒಳಗೆ ಬಿಡಲಿಲ್ಲ. ಸೈನ್ಯದ ಜತೆ, ಸೈನ್ಯ ಕರೆದೊಯ್ದ ಜಾಗಕ್ಕೆ, ಕೆಲವು ಗಂಟೆ ಹೋಗಿಬರಬಹುದಿತ್ತು ಅಷ್ಟೇ. ವಿದೇಶಿ ಪತ್ರಕರ್ತರ ಸಂಘ ಇಸ್ರೇಲ್ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಮತ್ತೆ ಹಾಕಿದ ಅರ್ಜಿಗೆ ವಾಯಿದೆ ಮೇಲೆ ವಾಯಿದೆ.

ಹಾಗಾಗಿ ನೀವು ನೋಡಿದ ಗಾಜಾ ಚಿತ್ರಗಳೆಲ್ಲ ಹೆಚ್ಚಾಗಿ ಗಾಜಾದ ಪತ್ರಕರ್ತರು ತೆಗೆದವು. ಟೆಂಟಿನಲ್ಲಿ ಮಲಗಿ, ಆಸ್ಪತ್ರೆಯ ಅಂಗಳದಿಂದ ಇಂಟರ್ನೆಟ್ ಹಿಡಿದು, ತಮ್ಮದೇ ನೆಂಟರ ಶವಗಳ ಸುದ್ದಿ ಕಳಿಸಿದವರು. 2025ರ ಜುಲೈನಲ್ಲಿ ಎಎಫ್‌ಪಿ, ಎಪಿ, ರಾಯಿಟರ್ಸ್, ಬಿಬಿಸಿ ನಾಲ್ಕೂ ಸೇರಿ, ಅಲ್ಲಿನ ಪತ್ರಕರ್ತರಿಗೆ ತಮ್ಮ ಮನೆಯವರ ಹೊಟ್ಟೆ ತುಂಬಿಸುವುದೇ ಕಷ್ಟವಾಗುತ್ತಿದೆ ಎಂದು ಹೇಳಿಕೆ ಕೊಡಬೇಕಾಯಿತು. ಒಂದೇ ತಿಂಗಳ ನಂತರ, ಆಗಸ್ಟ್ 25ರಂದು, ಖಾನ್ ಯೂನಿಸ್‌ನ ನಾಸರ್ ಆಸ್ಪತ್ರೆಯ ಮೇಲ್ಗಡೆಯಿಂದ ಬರುತ್ತಿದ್ದ ರಾಯಿಟರ್ಸ್ ಲೈವ್ ಚಿತ್ರ ಇದ್ದಕ್ಕಿದ್ದಂತೆ ನಿಂತುಹೋಯಿತು. ಕ್ಯಾಮೆರಾ ಹಿಡಿದಿದ್ದವರು ಇಸ್ರೇಲ್ ಸೈನ್ಯದ ದಾಳಿಯಲ್ಲಿ ಸತ್ತಿದ್ದರು. ಜನ ರಕ್ಷಣೆಗೆ ಓಡಿ ಬಂದಾಗ ಎರಡನೇ ದಾಳಿ. ಅವತ್ತು ಅಲ್ಲಿ ಐವರು ಪತ್ರಕರ್ತರು ಸತ್ತರು. ಈ ಯುದ್ಧದಲ್ಲಿ ಸತ್ತ ಪತ್ರಕರ್ತರ ಸಂಖ್ಯೆ 200 ದಾಟಿದೆ. ಅವರಲ್ಲಿ ಕೆಲವರು ಹಮಾಸ್‌ನವರು ಎಂದು ಇಸ್ರೇಲ್ ಹೇಳಿದೆ. 2025ರ ಆಗಸ್ಟ್ 10ರಂದು ಕೊಂದ ಅಲ್ ಜಜೀರಾದ ಅನಸ್ ಅಲ್ ಶರೀಫ್ ಬಗ್ಗೆಯೂ ಹಾಗೇ ಹೇಳಿತು, ಚಾನೆಲ್ ಅದನ್ನು ಅಲ್ಲಗಳೆಯಿತು.

ನೋಡಿ ಬರುವವರನ್ನು ತಡೆದರೆ ಉಳಿಯುವುದು ವಕ್ತಾರರು ಮಾತ್ರ. ಈ ಕಡೆ ಸೈನ್ಯದ ವಕ್ತಾರ, ಆ ಕಡೆ ಹಮಾಸ್ ವಕ್ತಾರ. ನಮ್ಮ ಡೆಸ್ಕಿಗೆ ಬರುವ ಕಾಪಿ ಹೆಚ್ಚಿನ ದಿನ ಇವರಿಬ್ಬರ ಮಾತಿನ ಜೋಡಣೆ.

ಗಾಜಾ ಆರೋಗ್ಯ ಸಚಿವಾಲಯದ ಸಾವಿನ ಲೆಕ್ಕ ನಂಬಬಹುದಾ?

ಒಟ್ಟು ಸಂಖ್ಯೆಯನ್ನು ನಂಬಬಹುದು ಎಂಬುದು ನನ್ನ ಅಭಿಪ್ರಾಯ. ಆ ಸಚಿವಾಲಯ ಹಮಾಸ್ ಆಡಳಿತದ ಕೆಳಗೆ ಇದೆ, ನಿಜ. ಆದರೆ ಹಿಂದಿನ ಯುದ್ಧಗಳಲ್ಲಿ ಅದರ ಲೆಕ್ಕ ಆಮೇಲೆ ವಿಶ್ವಸಂಸ್ಥೆ ಮಾಡಿದ ಲೆಕ್ಕಕ್ಕೆ ಹತ್ತಿರವೇ ಇತ್ತು. ಈ ಸಲ ಹೆಸರು, ವಯಸ್ಸು, ಗುರುತಿನ ಸಂಖ್ಯೆಯ ಪಟ್ಟಿಗಳನ್ನೂ ಬಿಟ್ಟಿದೆ. 2025ರ ಅಕ್ಟೋಬರ್ ಕದನವಿರಾಮದ ಹೊತ್ತಿಗೆ ಸಂಖ್ಯೆ 67,000 ದಾಟಿತ್ತು. ಕೊರತೆ ಏನಂದರೆ, ಅದರಲ್ಲಿ ಹೋರಾಡಿದವರೆಷ್ಟು ನಾಗರಿಕರೆಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಕಲ್ಲುಮಣ್ಣಿನ ಅಡಿ ಉಳಿದವರೂ ಅದರಲ್ಲಿ ಇಲ್ಲ.

ಅಲ್ ಅಹ್ಲಿ ಆಸ್ಪತ್ರೆ ಸುದ್ದಿ ಬೆಳಗಾಗುವಷ್ಟರಲ್ಲಿ ಬದಲಾಯಿತಲ್ಲ, ಯಾಕೆ?

ಆ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. 2023ರ ಅಕ್ಟೋಬರ್ 17. ಗಾಜಾದಲ್ಲಿ ಸಂಜೆ ಏಳು, ನಮಗೆ ಒಂಬತ್ತೂವರೆ. ದೂರದ ಜಿಲ್ಲೆಗಳ ಆವೃತ್ತಿ ಪುಟ ಬಿಡುವ ಹೊತ್ತು. 'ಇಸ್ರೇಲ್ ದಾಳಿ, ಆಸ್ಪತ್ರೆಯಲ್ಲಿ 500 ಸಾವು' ಎಂದು ಫ್ಲ್ಯಾಶ್ ಬಂತು. ಪುಟ ಜೋಡಿಸುವ ಪೇಜಿನೇಟರ್ ಪಕ್ಕದಲ್ಲೇ ನಿಂತಿದ್ದರು, ಹತ್ತು ನಿಮಿಷ ಟೈಮು. ಹಾಗೇ ಹಾಕಿದೆವು. ಏಜೆನ್ಸಿ 'ಆರೋಗ್ಯ ಸಚಿವಾಲಯ ಹೇಳಿದೆ' ಎಂದಿದ್ದ ಮಾತನ್ನು ತಲೆಬರಹದಲ್ಲಿ ಜಾಗ ಸಾಲದೆ ತೆಗೆದದ್ದು ನಾನೇ. ರಾತ್ರಿ ಒಂದು ಗಂಟೆಗೆ ಇಸ್ರೇಲ್, ಅದು ಗಾಜಾದ ಇನ್ನೊಂದು ಸಶಸ್ತ್ರ ಗುಂಪು ಇಸ್ಲಾಮಿಕ್ ಜಿಹಾದ್‌ನ ಗುರಿ ತಪ್ಪಿದ ರಾಕೆಟ್ ಎಂದು ಹೇಳಿದ ಸುದ್ದಿ ಕೈಗೆ ಬಂತು. ನಗರ ಆವೃತ್ತಿಯಲ್ಲಿ ತಿದ್ದಿದೆವು. ಅಷ್ಟರಲ್ಲಿ ಜಿಲ್ಲೆಗಳಿಗೆ ಹೊರಟ ವ್ಯಾನುಗಳು ಅರ್ಧ ದಾರಿ ಹೋಗಿದ್ದವು.

ನ್ಯೂಯಾರ್ಕ್ ಟೈಮ್ಸ್ ಕೂಡ ಮೊದಲು ಹಾಗೇ ಹಾಕಿ, ಆರು ದಿನ ಬಿಟ್ಟು ತಪ್ಪು ಒಪ್ಪಿಕೊಂಡು ಸಂಪಾದಕರ ಟಿಪ್ಪಣಿ ಬರೆಯಿತು. ಸಚಿವಾಲಯದ ಲೆಕ್ಕ 471, ಅಮೆರಿಕ ಗುಪ್ತಚರರ ಅಂದಾಜು 100ರಿಂದ 300. ನವೆಂಬರ್‌ನಲ್ಲಿ ಮಾನವ ಹಕ್ಕು ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್, ಪ್ಯಾಲೆಸ್ಟೀನ್ ಸಶಸ್ತ್ರ ಗುಂಪುಗಳು ಬಳಸುವಂಥ ರಾಕೆಟ್ಟೇ ಇರಬೇಕು ಎನ್ನುವ ಕಡೆಗೆ ಬಂತು. ಮೊದಲ ಗಂಟೆಯ ಸುದ್ದಿಯಲ್ಲಿ 'ಹೇಳಿದೆ' ಎಂಬ ಕ್ರಿಯಾಪದ ಎಷ್ಟು ಮುಖ್ಯ ಅಂತ ಅವತ್ತಿನಿಂದ ನನ್ನ ಜತೆ ಕೂರುವ ಹೊಸಬರಿಗೆಲ್ಲ ಹೇಳುತ್ತೇನೆ.

'ಕತ್ತು ಕತ್ತರಿಸಿದ 40 ಶಿಶುಗಳು' ನಿಜಾನಾ?

ಅಕ್ಟೋಬರ್ 7ರಂದು ಹಮಾಸ್‌ನವರು ಹಾಗೆ ಮಾಡಿದರು ಎಂಬ ಮಾತಿಗೆ ಆಧಾರ ಸಿಗಲಿಲ್ಲ. ಇಸ್ರೇಲ್‌ನ ಕ್ಫರ್ ಅಜಾ ಎಂಬ ಹಳ್ಳಿಯಲ್ಲಿ ಸೈನಿಕರು ಹೇಳಿದರೆಂದು ಟೀವಿಯಲ್ಲಿ ಬಂದ ಮಾತು ಒಂದೇ ದಿನದಲ್ಲಿ ಜಗತ್ತು ಸುತ್ತಿತು. ಆಗಿನ ಅಮೆರಿಕ ಅಧ್ಯಕ್ಷ ಬೈಡನ್ ಚಿತ್ರ ನೋಡಿದೆ ಎಂದರು, ನೋಡಿಲ್ಲ ಎಂದು ಶ್ವೇತಭವನವೇ ಆಮೇಲೆ ಹೇಳಿತು. ಆದರೆ ಇದನ್ನು ಹಿಡಿದು 'ಅಕ್ಟೋಬರ್ 7ರ ಕ್ರೌರ್ಯವೇ ಸುಳ್ಳು' ಎನ್ನುವವರಿದ್ದಾರೆ. ಅದು ಇನ್ನೂ ದೊಡ್ಡ ಸುಳ್ಳು. ಮಕ್ಕಳು ಸತ್ತರು, ಮುದುಕರನ್ನು ಎಳೆದೊಯ್ದರು. ಲೈಂಗಿಕ ಹಿಂಸೆ ನಡೆದಿದೆ ಎಂದು ನಂಬಲು ಕಾರಣಗಳಿವೆ ಎಂದು ವಿಶ್ವಸಂಸ್ಥೆಯ ಪ್ರಮೀಳಾ ಪ್ಯಾಟನ್ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟರು.

ಇಸ್ರೇಲ್ ಸೈನ್ಯ ಹೇಳಿದ್ದು ಅಧಿಕೃತ ಅಲ್ವಾ? ಅದನ್ನಾದರೂ ನಂಬಬಹುದಲ್ಲ?

ಅಧಿಕೃತ ಅಂದರೆ ಅಧಿಕಾರದಲ್ಲಿರುವವರು ಹೇಳಿದ್ದು, ಅಷ್ಟೇ. 2022ರ ಮೇ 11ರಂದು ಪಶ್ಚಿಮ ದಂಡೆಯ ಜೆನಿನ್‌ನಲ್ಲಿ ಶಿರೀನ್ ಅಬು ಅಕ್ಲೆ ಗುಂಡೇಟಿಗೆ ಸತ್ತರು. ಅಲ್ ಜಜೀರಾದ ಹಿರಿಯ ವರದಿಗಾರ್ತಿ, ಮೈಮೇಲೆ 'ಪ್ರೆಸ್' ಎಂದು ಬರೆದ ನೀಲಿ ಜಾಕೆಟ್. ಪ್ಯಾಲೆಸ್ಟೀನ್ ಬಂದೂಕುಧಾರಿಗಳ ಗುಂಡು ಇರಬಹುದು ಎಂದು ಮೊದಲು ಇಸ್ರೇಲ್ ಕಡೆಯಿಂದ ಬಂತು. ಸೆಪ್ಟೆಂಬರ್‌ನಲ್ಲಿ, ನಮ್ಮ ಸೈನಿಕನ ಗುಂಡು ಆಕಸ್ಮಿಕವಾಗಿ ತಗುಲಿರುವ ಸಾಧ್ಯತೆ ಹೆಚ್ಚು ಎಂದು ಸೈನ್ಯವೇ ಒಪ್ಪಿತು. ಯಾರ ಮೇಲೂ ಕೇಸು ಆಗಲಿಲ್ಲ.

ಇನ್ನೊಂದು, 2025ರ ಮಾರ್ಚ್ 23, ಗಾಜಾದ ರಫಾ. ಆಂಬುಲೆನ್ಸ್ ಸಿಬ್ಬಂದಿ ಸೇರಿ 15 ಮಂದಿ ರಕ್ಷಣಾ ಕೆಲಸಗಾರರನ್ನು ಸೈನಿಕರು ಕೊಂದರು. ವಾಹನಗಳು ಲೈಟ್ ಹಾಕದೆ ಅನುಮಾನ ಬರುವಂತೆ ಬಂದವು ಎಂಬುದು ಸೈನ್ಯದ ಮೊದಲ ವಿವರಣೆ. ಆಮೇಲೆ ಸತ್ತವರಲ್ಲೊಬ್ಬರ ಮೊಬೈಲ್ ಸಿಕ್ಕಿತು. ಅದರಲ್ಲಿ ವಿಡಿಯೊ ಇತ್ತು. ಕತ್ತಲಲ್ಲಿ ಹೆಡ್‌ಲೈಟ್ ಉರಿಯುತ್ತಿದೆ, ಮೇಲೆ ಕೆಂಪು ದೀಪ ತಿರುಗುತ್ತಿದೆ, ಗುಂಡಿನ ಸದ್ದು ಶುರುವಾಗುತ್ತದೆ, ಆ ಹುಡುಗ ಅಮ್ಮನ ಹತ್ತಿರ ಕ್ಷಮೆ ಕೇಳುತ್ತಾ ಪ್ರಾರ್ಥನೆ ಹೇಳುತ್ತಾನೆ. ಸೈನ್ಯ ಹೇಳಿಕೆ ಬದಲಿಸಿತು. ಮೊದಲ ಹೇಳಿಕೆ ನಮ್ಮಲ್ಲಿ ದೊಡ್ಡದಾಗಿ ಬಂದಿತ್ತು, ಎರಡನೆಯದಕ್ಕೆ ಒಳಪುಟದಲ್ಲಿ ಒಂದು ಕಾಲಂ ಸಿಕ್ಕಿತು.

ಹಮಾಸ್‌ನವರನ್ನು ಕೆಲವು ಕಡೆ 'ಉಗ್ರರು' ಅಂತ ಬರೆಯಲ್ಲ, ಯಾಕೆ?

ಅಮೆರಿಕ 1997ರಲ್ಲೇ ಹಮಾಸ್ ಅನ್ನು ಭಯೋತ್ಪಾದಕ ಸಂಘಟನೆ ಎಂದು ಪಟ್ಟಿ ಮಾಡಿದೆ, ಯುರೋಪ್ ಒಕ್ಕೂಟ, ಬ್ರಿಟನ್ ಕೂಡ. ಭಾರತದ ಪಟ್ಟಿಯಲ್ಲಿ ಅದು ಇಲ್ಲ. ಬಿಬಿಸಿಯಂಥವರು ಆ ಪದವನ್ನು ತಮ್ಮ ಮಾತಾಗಿ ಬಳಸದೆ, ಯಾರು ಹಾಗೆ ಕರೆದರೋ ಅವರ ಬಾಯಲ್ಲಿ ಇಡುತ್ತಾರೆ. ನನ್ನ ರೂಢಿ ಬೇರೆ. ಏನು ಮಾಡಿದರು ಎಂಬುದನ್ನು ಬಿಡಿಸಿ ಬರೆದರೆ ಸಾಕು. ಮನೆಗೆ ನುಗ್ಗಿ ಮಲಗಿದವರನ್ನು ಕೊಂದರು ಎಂದ ಮೇಲೆ ವಿಶೇಷಣ ಹುಡುಕಬೇಕಿಲ್ಲ.

ಕನ್ನಡ ಸುದ್ದಿಯಲ್ಲೇ ಇರುವ ತೊಂದರೆ ಏನು?

ಕೆಲಸ ಮಾಡಿದವನನ್ನು ಬಿಟ್ಟು ವಾಕ್ಯ ಕಟ್ಟುವುದು ನಮ್ಮ ಭಾಷೆಯಲ್ಲಿ ತುಂಬಾ ಸುಲಭ. 'ಗಾಜಾ: 40 ಬಲಿ'. ಯಾರು ಬಲಿ ತೆಗೆದುಕೊಂಡರು? ಬಸ್ ಅಪಘಾತಕ್ಕೂ, ಮಳೆಗೂ, ಬಾಂಬಿಗೂ ನಮಗೆ ಅದೇ ಒಂದು ಪದ. 'ಹತ್ಯೆ' ಎಂದರೆ ಕೊಂದವನೊಬ್ಬ ಇದ್ದಾನೆ, 'ಸಾವು' ಎಂದರೆ ಯಾರೂ ಇಲ್ಲ. ಒಂದು ಕಡೆಯವರಿಗೆ ಹತ್ಯೆ, ಇನ್ನೊಂದು ಕಡೆಯವರಿಗೆ ಸಾವು ಎಂದು ಗೊತ್ತಿಲ್ಲದೇ ಬರೆದಿರುತ್ತೇವೆ. ಹಾಗೇ 'ಘರ್ಷಣೆ' ಎಂಬ ಪದ. ಪಶ್ಚಿಮ ದಂಡೆಯಲ್ಲಿ ಬಂದು ನೆಲೆಸಿರುವ ಇಸ್ರೇಲ್ ವಸಾಹತಿನವರು ಪ್ಯಾಲೆಸ್ಟೀನ್ ಹಳ್ಳಿಗೆ ನುಗ್ಗಿ ಆಲಿವ್ ಮರ ಕಡಿದು ಕಾರು ಸುಟ್ಟರೂ ಘರ್ಷಣೆ, ಎರಡೂ ಕಡೆ ಕಲ್ಲು ತೂರಿದರೂ ಘರ್ಷಣೆ. ಜಾಗ ಉಳಿಸಲು ನಾವು ಇಂಥ ಪದ ಹಿಡಿಯುತ್ತೇವೆ, ಓದುಗರಿಗೆ ಅರ್ಧ ಸುದ್ದಿ ಹೋಗುತ್ತದೆ.

ಇಸ್ರೇಲ್ ಜನ ತಮ್ಮ ಟೀವಿಯಲ್ಲಿ ಏನು ನೋಡುತ್ತಾರೆ?

ನಾವು ನೋಡಿದ್ದನ್ನಲ್ಲ. ಅಲ್ಲಿನ ದೊಡ್ಡ ಚಾನೆಲ್‌ಗಳಲ್ಲಿ ತಿಂಗಳುಗಟ್ಟಲೆ ಒತ್ತೆಯಾಳುಗಳ ಮನೆಯವರು, ಸತ್ತ ಸೈನಿಕರು, ಅವರ ಅಂತ್ಯಕ್ರಿಯೆ. ಗಾಜಾದ ಮಕ್ಕಳ ಚಿತ್ರ ಬಹಳ ಕಡಿಮೆ. ಅರಬ್ ಚಾನೆಲ್‌ಗಳಲ್ಲಿ ಇದರ ತಿರುವುಮುರುವು. ಒಂದೇ ಯುದ್ಧ, ಇಬ್ಬರು ನೆರೆಯವರು, ಇಬ್ಬರೂ ನೋಡಿದ್ದು ಬೇರೆ ಬೇರೆ. ಇಸ್ರೇಲ್‌ನದೇ 'ಹಾರೆಟ್ಜ್' ಪತ್ರಿಕೆ ಗಾಜಾದ ಕಡೆಯನ್ನೂ ಬರೆಯಿತು. 2024ರ ನವೆಂಬರ್‌ನಲ್ಲಿ ಸರ್ಕಾರ ಅದಕ್ಕೆ ಜಾಹೀರಾತು ನಿಲ್ಲಿಸಲು ತೀರ್ಮಾನಿಸಿತು. ಅಲ್ಲಿ ಸೈನ್ಯದ ಸೆನ್ಸಾರ್ ಕೂಡ ಇದೆ, ಭದ್ರತೆಯ ಕೆಲವು ಸುದ್ದಿಗಳನ್ನು ತೋರಿಸಿಯೇ ಹಾಕಬೇಕು.

ಅಲ್ ಜಜೀರಾ?

ಕತಾರ್‌ನ ಹಣದ ಚಾನೆಲ್, ಹಮಾಸ್‌ನ ರಾಜಕೀಯ ಕಚೇರಿ ಇದ್ದದ್ದೂ ಕತಾರ್‌ನಲ್ಲೇ. ಅದನ್ನು ನೆನಪಿಟ್ಟು ನೋಡಿ. ಆದರೆ ನೋಡಿ. ಗಾಜಾದೊಳಗೆ ಅಷ್ಟು ವರದಿಗಾರರು ಇದ್ದದ್ದು ಅವರಿಗೇ. 2024ರ ಮೇನಲ್ಲಿ ಇಸ್ರೇಲ್ ಅದನ್ನು ಮುಚ್ಚಿಸಿತು, 2025ರ ಜನವರಿ 1ರಂದು ಅಬ್ಬಾಸ್‌ರ ಪ್ರಾಧಿಕಾರವೂ ಪಶ್ಚಿಮ ದಂಡೆಯಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿತು. ಎರಡೂ ಕಡೆಯ ಅಧಿಕಾರಕ್ಕೆ ಒಟ್ಟಿಗೆ ಬೇಡವಾದ ಚಾನೆಲ್ ಅದು.

ಭಾರತ ಯಾರ ಕಡೆ?

1947ರಲ್ಲಿ ಪ್ಯಾಲೆಸ್ಟೀನ್ ವಿಭಜನೆಗೆ ಭಾರತ ವಿರುದ್ಧ ಮತ ಹಾಕಿತ್ತು. 1988ರಲ್ಲಿ ಪ್ಯಾಲೆಸ್ಟೀನ್ ದೇಶವನ್ನು ಒಪ್ಪಿತು, 1992ರಲ್ಲಿ ಇಸ್ರೇಲ್ ಜತೆ ಪೂರ್ಣ ರಾಜತಾಂತ್ರಿಕ ಸಂಬಂಧ. 2017ರ ಜುಲೈನಲ್ಲಿ ಮೋದಿ ಇಸ್ರೇಲ್‌ಗೆ, 2018ರ ಫೆಬ್ರುವರಿಯಲ್ಲಿ ರಾಮಲ್ಲಾಗೆ ಹೋದರು. ಕಾಗದದ ಮೇಲೆ ಎರಡು ದೇಶಗಳ ಪರಿಹಾರ, ವ್ಯವಹಾರದಲ್ಲಿ ಇಸ್ರೇಲ್‌ಗೆ ಹತ್ತಿರ.

ನಮ್ಮ ಮಂಗಳೂರು, ಉಡುಪಿ ಕಡೆಯವರು ಅಲ್ಲಿದ್ದಾರೆ. ಅವರು ಹೇಳೋದೂ ಟೀವಿ ಹೇಳೋದೂ ಬೇರೆ ಬೇರೆ ಇರುತ್ತೆ. ಯಾವುದು ನಿಜ?

ಕರಾವಳಿಯ ಎಷ್ಟೋ ಮಂದಿ ಇಸ್ರೇಲ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ನನಗೆ ಪರಿಚಯದ ಒಬ್ಬ ಅಕ್ಕ ವಾಟ್ಸಾಪ್‌ನಲ್ಲಿ ದನಿ ಕಳಿಸಿದ್ದರು. ಸೈರನ್ ಆಗುತ್ತೆ, ತೊಂಬತ್ತು ದಾಟಿದ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ರಕ್ಷಣಾ ಕೋಣೆಗೆ ಹೋಗೋದು, ಬಾಗಿಲು ಹಾಕೋದು, ಸದ್ದು ನಿಂತ ಮೇಲೆ ಬಂದು ಉಳಿದ ಅಡಿಗೆ ಮಾಡೋದು. 'ಊರಲ್ಲಿ ಟೀವಿ ನೋಡಿ ಅಮ್ಮ ಅಳ್ತಾ ಇದ್ದಾರೆ, ನಾನು ಇಲ್ಲಿ ಅನ್ನಕ್ಕಿಟ್ಟಿದ್ದೇನೆ ಅಂತ ಹೇಳಿ' ಎಂದರು. ಅದೇ ಹೊತ್ತಿಗೆ ನಮ್ಮ ಕೆಲವು ಚಾನೆಲ್‌ಗಳಲ್ಲಿ ಗ್ರಾಫಿಕ್ಸ್ ಬೆಂಕಿ, ಹಿನ್ನೆಲೆ ಸಂಗೀತ, ಹಳೆಯ ಸಿರಿಯಾದ ವಿಡಿಯೊ.

ಅಕ್ಕ ಹೇಳಿದ್ದು ನಿಜ. ಆದರೆ ಅದು ಅವರ ಬೀದಿಯ ನಿಜ. ಅಲ್ಲಿಂದ ಒಂದೆರಡು ಗಂಟೆ ದಾರಿಯಲ್ಲಿರುವ ಗಾಜಾದಲ್ಲಿ ಏನಾಗುತ್ತಿದೆ ಎಂದು ಅವರಿಗೂ ಕಾಣಿಸುತ್ತಿರಲಿಲ್ಲ, ಅಲ್ಲಿ ಅಂಥ ರಕ್ಷಣಾ ಕೋಣೆಗಳೂ ಇರಲಿಲ್ಲ. ಇದನ್ನು ಅವರಿಗೇ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಕಡೆ ಅಜ್ಜಿಯಂದಿರನ್ನು ಯಾರು ತಳ್ಳಿಕೊಂಡು ಹೋಗ್ತಾರೆ?' ಎಂದು ಕೇಳಿದರು.